ಮಾತಾಡುವವರಲ್ಲಿ ನಮ್ಮವರು ಯಾಕಿಲ್ಲ?

ಕಳೆದ ಭಾನುವಾರ ಸಂಜೆ ಸಿಂಗಪುರ ನದಿಯ ದಂಡೆಯಲ್ಲಿ ಒಂಬತ್ತು ವರ್ಷದ ಮಗಳು ಕೇಳಿದ ಪ್ರಶ್ನೆಯೊಂದು ಇನ್ನೂ ನನ್ನನ್ನು ಬಿಟ್ಟಿಲ್ಲ. ಅಲ್ಲಿರುವ ಕಂಚಿನ ಶಿಲ್ಪಸಮೂಹವೊಂದರಲ್ಲಿ ಹತ್ತೊಂಬತ್ತನೆಯ ಶತಮಾನದ ಸ್ಕಾಟಿಷ್ ವರ್ತಕ ಅಲೆಕ್ಸಾಂಡರ್ ಲಾರಿ ಜಾನ್‌ಸ್ಟನ್, ಒಬ್ಬ ಚೀನೀ ವ್ಯಾಪಾರಿ ಮತ್ತು ಒಬ್ಬ ಮಲಯ ಮುಖಂಡ ಮಾತುಕತೆಯಲ್ಲಿ ತೊಡಗಿದ್ದಾರೆ. ಪಕ್ಕದಲ್ಲಿ ಭಾರತೀಯ ಮತ್ತು ಚೀನೀ ಕೂಲಿಗಳು ಎತ್ತಿನ ಗಾಡಿಗೆ ಸರಕು ಹೇರುತ್ತಿದ್ದಾರೆ. "ಅಪ್ಪ, ಮಾತಾಡುವವರಲ್ಲಿ ನಮ್ಮವರು ಯಾಕಿಲ್ಲ?" ಎಂದಳು.

ಅಭಿಮಾನಕ್ಕೆ ಪೆಟ್ಟು ಬಿದ್ದ ಅಪ್ಪಂದಿರು ಮಾಡುವಂತೆ ನಾನೂ ಪಾಠ ಶುರುಮಾಡಿದೆ. 1819ರಲ್ಲಿ ಈಸ್ಟ್ ಇಂಡಿಯಾ ಕಂಪನಿ ಇಲ್ಲಿ ಕಾಲೂರಿ ಸುಂಕವಿಲ್ಲದ ಬಂದರು ಮಾಡಿತು. ನದಿಗೆ ಆಳವಿಲ್ಲದ್ದರಿಂದ ಹಡಗುಗಳು ಹೊರಗಡಲಲ್ಲೇ ಲಂಗರು ಹಾಕುತ್ತಿದ್ದವು. ಕಾಳುಮೆಣಸು, ಚರ್ಮ ಹದಮಾಡಲು ಬಳಸುವ ಗ್ಯಾಂಬಿಯರ್, ತವರ ಎಲ್ಲವೂ ಸಣ್ಣ ದೋಣಿಗಳಲ್ಲೇ ಬೋಟ್ ಕೀ ದಂಡೆಗೂ ಹಡಗಿಗೂ ಓಡಾಡಬೇಕಿತ್ತು. ಮೊದಮೊದಲು ಆ ದೋಣಿಯ ಕಸುಬು ಬಹುಪಾಲು ಕೋರಮಂಡಲ ತೀರದಿಂದ ಬಂದ ಚೂಲಿಯಾ ಎಂಬ ತಮಿಳು ಮುಸಲ್ಮಾನರದು. ಮೂತಿಗೆ ಕಣ್ಣು ಬರೆದ ಚೀನೀಯರ ದೋಣಿಗಳು ನದಿಯನ್ನು ತುಂಬಿಕೊಂಡದ್ದು ಆಮೇಲೆ. ಮಾರ್ಕೆಟ್ ಸ್ಟ್ರೀಟಿನ ಚೆಟ್ಟಿಯಾರರು ನೆಲದ ಮೇಲೆ ಪೆಟ್ಟಿಗೆಯ ಮುಂದೆ ಕುಳಿತೇ ವ್ಯಾಪಾರಿಗಳಿಗೆ ಸಾಲ ಕೊಡುತ್ತಿದ್ದರೆಂದು ಹೆಮ್ಮೆಯಿಂದ ಹೇಳಿದೆ. ಆ ಸಾಲದಲ್ಲಿ ಒಂದಷ್ಟು ಅಫೀಮಿನ ವ್ಯಾಪಾರಕ್ಕೂ ಹೋಗುತ್ತಿತ್ತೆಂಬ ಮಾತನ್ನು ಮಾತ್ರ ನುಂಗಿಕೊಂಡೆ.

ಸಾಲದೆಂಬಂತೆ ಸೇಂಟ್ ಆ್ಯಂಡ್ರೂಸ್ ಚರ್ಚಿನವರೆಗೂ ಕರೆದೊಯ್ದೆ. ಭಾರತದಿಂದ ಗಡೀಪಾರಾದ ಕೈದಿಗಳು 1825ರಿಂದ ಇಲ್ಲಿಗೆ ಬರತೊಡಗಿದರು; ಈ ಚರ್ಚನ್ನು ಕಟ್ಟಿದ್ದು ಅವರ ದುಡಿಮೆ. ಸುಣ್ಣಕ್ಕೆ ಮೊಟ್ಟೆಯ ಬಿಳಿಯನ್ನೂ ಬೆಲ್ಲವನ್ನೂ ಕಲಸಿ, ತೆಂಗಿನ ಸಿಪ್ಪೆ ನೆನೆಸಿದ ನೀರು ಹಾಕಿ ಮಾಡಿದ ಮದರಾಸಿನ ಗಾರೆ ಅದರ ಗೋಡೆಗಳಿಗಿದೆ. ಮಗಳು ಗೋಡೆಯನ್ನು ಮೂಸಿ ನೋಡಿ, "ಬೆಲ್ಲದ ವಾಸನೆ ಇಲ್ಲ" ಎಂದಳು.

ನನಗೆ ಮಾತ್ರ ಆ ಹೊತ್ತಿಗೆ ಮಂಗಳೂರಿನ ಹಳೆ ಬಂದರಿನ ವಾಸನೆ ಬಂದಿತ್ತು. ನೇತ್ರಾವತಿ, ಗುರುಪುರ ನದಿಗಳು ಸಮುದ್ರ ಸೇರುವ ಆ ಅಳಿವೆಗೂ ಇದೇ ಕಷ್ಟ: ಮರಳ ದಿಬ್ಬ, ದೂರದಲ್ಲೇ ನಿಲ್ಲುವ ಹಡಗು, ನಡುವೆ ಓಡಾಡುವ ದೋಣಿ. 1865ರಲ್ಲಿ ಬಾಸೆಲ್ ಮಿಶನ್ನಿನವರು ಹಂಚಿನ ಕಾರ್ಖಾನೆ ತೆರೆದ ಮೇಲೆ ಮಂಗಳೂರು ಹಂಚು ಕಡಲು ದಾಟಿ ಹೋದದ್ದು ಹೀಗೆಯೇ. ಸಿಂಗಪುರದವರು 1983ರಲ್ಲಿ ಸರಕು ದೋಣಿಗಳನ್ನು ನದಿಯಿಂದ ಹೊರಗೆ ಸಾಗಿಸಿ, ಹೊಲಸು ತೆಗೆದು, ದಂಡೆಯಲ್ಲಿ ಹೋಟೆಲುಗಳಿಗೂ ಕಂಚಿನ ಕೂಲಿಗಳಿಗೂ ಜಾಗ ಮಾಡಿದರು. ನಮ್ಮ ಬಂದರಿನಲ್ಲಿ ಈಗಲೂ ಲಕ್ಷದ್ವೀಪಕ್ಕೆ ಹೋಗುವ ಮಂಜಿ ಎಂಬ ಸರಕು ನೌಕೆಗಳಿಗೆ ಸಾಮಾನು ಹೇರುತ್ತಾರೆ. ಅದು ನನಗೆ ಸಂತೋಷವೇ. ಆದರೆ ಅಲ್ಲಿ ಒಂದೂವರೆ ಶತಮಾನ ಹಂಚು ಹೊತ್ತವರ ನೆನಪಿಗೆ ಒಂದು ಕಲ್ಲನ್ನೂ ನಾನು ಕಂಡಿಲ್ಲ.

ಮನೆಗೆ ಬರುವಾಗ ರೈಲಿನಲ್ಲಿ ಮಗಳು ಮತ್ತೆ ಕೇಳಿದಳು: "ನಿಮ್ಮ ಅಜ್ಜ ಬಂದರಿನಲ್ಲಿ ಕೆಲಸ ಮಾಡ್ತಿದ್ರಲ್ಲ, ಅವರು ಯಾವ ಕಡೆ ಇದ್ರು?"

"ಗಾಡಿಯ ಕಡೆ," ಎಂದೆ.