ಗರುಡನ ಎಡ ಹೆಗಲು ಕೊನೆಗೂ ಬಿರಿಯಲಿಲ್ಲ

ಇಂದಿಗೆ 21 ದಿನ. ಬೆಳಗ್ಗೆ ಎದ್ದ ಕೂಡಲೇ, ನಮ್ಮ ಕೊಪ್ಪಳ ಜಿಲ್ಲೆಯ ಕಿನ್ನಾಳದ ಗೊಂಬೆಗಳ ರೀತಿಯಲ್ಲಿ ನಾನು ಮಾಡಿದ ಮರದ ಗರುಡನನ್ನು ಕಿಟಕಿಯ ಬೆಳಕಿಗೆ ಹಿಡಿದು, ಎಡ ರೆಕ್ಕೆ ಹೆಗಲಿಗೆ ಕೂಡುವ ಜಾಗವನ್ನು ಹೆಬ್ಬೆರಳಿನಿಂದ ಸವರುವುದು ರೂಢಿಯಾಗಿಬಿಟ್ಟಿದೆ. ಇಂದೂ ಸವರಿದೆ. ಕೂದಲೆಳೆಯಷ್ಟೂ ಬಿರುಕಿಲ್ಲ. ನಾಲ್ಕು ಗರುಡಗಳು ಇದೇ ಜಾಗದಲ್ಲಿ ಬಾಯಿಬಿಟ್ಟ ಮೇಲೆ ಐದನೆಯದು ಹೀಗೆ ನಿಂತಿದೆ. ಜಪಾನ್ ಸರ್‌ಗೆ ಫೋನು ಮಾಡಿದೆ. "ಹೆಗಲು?" ಎಂದಷ್ಟೇ ಕೇಳಿದರು. "ಗಟ್ಟಿ" ಎಂದೆ. ಆ ಕಡೆಯಿಂದ ಚಪ್ಪಾಳೆ ಕೇಳಿಸಿತು.

ಮರ ಆರಿಸುವುದು, ಕೆತ್ತುವುದು, ಅಂಗಾಂಗ ಜೋಡಿಸುವುದು ನಿಮಗೆಲ್ಲ ಗೊತ್ತಿರುವುದೇ. ಈ ಬಾರಿ ಬರೆಯುವುದೆಲ್ಲ ಗೊಂಬೆಯ ಮೈಗೆ ಮೆತ್ತುವ ಕಿಟ್ಟದ ಬಗ್ಗೆ. ಮರದ ಹೊಟ್ಟು, ಗೋಣಿ ನಾರಿನ ಪುಡಿ, ಹುಣಸೆ ಬೀಜದ ಅಂಟು, ಈ ಮೂರರ ಮುದ್ದೆ. ಮೂರು ತಿಂಗಳು ನಿದ್ದೆ ಕೆಡಿಸಿದ್ದು ಇದೇ.

ಜಪಾನ್ ಸರ್ ಎಂದು ಓಣಿಯವರೆಲ್ಲ ಕರೆಯುವ ಇವರು ಕೊಪ್ಪಳದ ಹೊರವಲಯದ ಕಾರ್ಖಾನೆಯೊಂದಕ್ಕೆ ಯಂತ್ರ ಜೋಡಿಸಲು ಎರಡು ವರ್ಷದ ಮಟ್ಟಿಗೆ ಬಂದ ಎಂಜಿನಿಯರ್. ನಮ್ಮ ಮನೆಯಿಂದ ಮೂರನೆಯ ಮನೆ. ಕನ್ನಡ ಓದಲು ಕಲಿತದ್ದು ಆಟೊಗಳ ಬೆನ್ನಿನ ಮೇಲೆ. ಒಂದೇ ನಗುಮುಖ ಆಟೊದಲ್ಲಿ, ಜ್ಯೂಸ್ ಅಂಗಡಿಯಲ್ಲಿ, ಸಲೂನಿನ ಗೋಡೆಯಲ್ಲಿ ಕಾಣುತ್ತಿದ್ದರೆ, ಅದರ ಕೆಳಗೆ ಎರಡೇ ಅಕ್ಷರ. ಮೊದಲನೆಯದು ಸುಲಭ, ಎರಡನೆಯದರ ಕೆಳಗೆ ಇನ್ನೊಂದು ಅಕ್ಷರ ನೇತಾಡುತ್ತಿದೆ, ಅದೇನು ಎಂದು ನನ್ನನ್ನು ಕೇಳಿದರು. ಒತ್ತಕ್ಷರ ಹೇಳಿಕೊಟ್ಟೆ. ಅವರು ಓದಿದ ಮೊದಲ ಕನ್ನಡ ಪದ ಹೀಗೆ "ಅಪ್ಪು" ಆಯಿತು. ಪುನೀತ್ ರಾಜ್‌ಕುಮಾರ್ 2021ರ ಅಕ್ಟೋಬರ್ 29ರಂದು ತೀರಿಕೊಂಡರು ಎಂದಾಗ ಬಹಳ ಹೊತ್ತು ಸುಮ್ಮನಿದ್ದರು. ತೀರಿಕೊಂಡವರ ಹೆಸರನ್ನು ಇಷ್ಟು ಜನ ದಿನವೂ ಬಣ್ಣದಲ್ಲಿ ಬರೆಸಿಕೊಂಡು ಓಡಾಡುವ ಊರನ್ನು ತಾವು ಬೇರೆಲ್ಲೂ ಕಂಡಿಲ್ಲ ಎಂದರು.

ಜನವರಿಯಲ್ಲಿ ಗವಿಸಿದ್ಧೇಶ್ವರ ಜಾತ್ರೆಗೆ ಕರೆದುಕೊಂಡು ಹೋಗಿದ್ದೆ. ಮಹಾದಾಸೋಹದಲ್ಲಿ ಕುಳಿತು ರೊಟ್ಟಿ, ಮಾದಲಿ ಉಂಡರು. ರೊಟ್ಟಿಯ ರಾಶಿಯೆಲ್ಲ ಸುತ್ತಲಿನ ಹಳ್ಳಿಗಳ ಹೆಣ್ಣುಮಕ್ಕಳು ಮನೆಯಲ್ಲಿ ಬಡಿದು ಕಳಿಸಿದ್ದು ಎಂದಾಗ ಎದ್ದು ನಿಂತು ಆ ರಾಶಿಗೆ ಬಗ್ಗಿ ನಮಸ್ಕರಿಸಿದರು. ರಾತ್ರಿ ಕಂಪನಿ ನಾಟಕದ ಡೇರೆಯಲ್ಲಿ ಕೊನೆಯ ಪರದೆ ಬೀಳುವ ತನಕ ಕೂತರು. ಜನ "ಒನ್ಸ್ ಮೋರ್" ಎಂದು ಕೂಗಿದಾಗ ತಾವೂ ಕೂಗಿದರು. ಅವರ ದೇಶದ ಸಾಂಪ್ರದಾಯಿಕ ನಾಟಕವಾದ ಕಾಬುಕಿಯಲ್ಲೂ ಪ್ರೇಕ್ಷಕರು ನಟನ ಮನೆತನದ ಹೆಸರು ಹಿಡಿದು ಸರಿಯಾದ ಕ್ಷಣಕ್ಕೆ ಕೂಗುತ್ತಾರಂತೆ.

ಮರುದಿನ ನಮ್ಮ ಮನೆಗೆ ಬಂದಾಗ ಗೂಡಿನಲ್ಲಿದ್ದ ಹಳೆಯ ಕಿನ್ನಾಳದ ಗೊಂಬೆಯನ್ನು ಕೈಗೆತ್ತಿಕೊಂಡರು. ಬಂದವರೆಲ್ಲ ಗೊಂಬೆಯ ಮುಖ ನೋಡುತ್ತಾರೆ. ಇವರು ತಲೆಕೆಳಗು ಮಾಡಿ ತಳ ನೋಡಿದರು. ಬಣ್ಣ ಕಿತ್ತುಹೋದ ಜಾಗದಲ್ಲಿ ಕಂದು ಕಿಟ್ಟ ಕಾಣುತ್ತಿತ್ತು. ಉಗುರಿನಿಂದ ಮೆಲ್ಲನೆ ಮುಟ್ಟಿ, ಮೂಗಿಗೆ ಹಿಡಿದು ಮೂಸಿ, "ಮರದ ಹಿಟ್ಟು! ನಮ್ಮ ಊರಿನದೇ!" ಎಂದರು.

ಅವರ ಊರು ಟೋಕಿಯೋದ ಉತ್ತರಕ್ಕಿರುವ ಇವಾತ್ಸುಕಿ, ಗೊಂಬೆಗಳಿಗೆ ಹೆಸರಾದ ಊರು. ಅಲ್ಲಿ ಕಿರಿ ಎಂಬ ಹಗುರ ಮರದ ಹೊಟ್ಟನ್ನು ಗೋಧಿ ಪಿಷ್ಟದ ಅಂಟಿನಲ್ಲಿ ನಾದಿ ಗೊಂಬೆಯ ತಲೆ ಮಾಡುತ್ತಾರೆ. ಅದರ ಹೆಸರು ತೋಸೋ. ಅದರ ಮೇಲೆ ಚಿಪ್ಪಿನ ಬಿಳಿ ಪುಡಿಯನ್ನು ಪ್ರಾಣಿಜನ್ಯ ಅಂಟಿನಲ್ಲಿ ಕಲಸಿ ಪದರ ಪದರವಾಗಿ ಹಚ್ಚುತ್ತಾರೆ. ಅದು ಗೋಫುನ್. ನಮ್ಮಲ್ಲಿ ಹಗುರ ಪೊಳಕಿ ಮರ, ಹುಣಸೆ ಬೀಜದ ಅಂಟು, ಮೇಲೆ ಕಲ್ಲುಪುಡಿಯ ಲೇಪ. ಅವರು ಬಿಳಿ ಲೇಪವನ್ನೇ ಏರಿಸಿ ಉಬ್ಬು ಕೆಲಸ ಮಾಡುತ್ತಾರೆ, ನಾವು ಒಡವೆ ಎಬ್ಬಿಸುವುದೂ ಹಾಗೆಯೇ.

ಗರುಡನನ್ನು ಆರಿಸಿದ್ದು ಅವರೇ. ನಾರಾ ನಗರದ ಕೋಫುಕು-ಜಿ ದೇವಾಲಯದಲ್ಲಿ ಹಕ್ಕಿಯ ತಲೆ, ಕವಚ ತೊಟ್ಟ ಮೈ ಇರುವ ವಿಗ್ರಹವೊಂದಿದೆ. ಅದರ ಹೆಸರು ಕರುರ. ನಮ್ಮ ಗರುಡನೇ ಬೌದ್ಧರ ಜೊತೆ ಚೀನಾ ದಾಟಿ ಹೋಗಿ ಕರುರ ಆದದ್ದು. ಅದನ್ನು ಮಾಡಿದ್ದು 734ರಲ್ಲಿ, ಸೆಣಬಿನ ಬಟ್ಟೆಯನ್ನು ಅರಗಿನಂಥ ಮರದ ರಸದಲ್ಲಿ ಅದ್ದಿ ಪದರ ಕಟ್ಟಿ, ಮೇಲ್ಮೈಗೆ ಅದೇ ರಸದಲ್ಲಿ ಕಲಸಿದ ಮರದ ಪುಡಿ ಮೆತ್ತಿ. ಬಟ್ಟೆ, ಮರದ ಪುಡಿ, ಅಂಟು! ಮೊಬೈಲಿನಲ್ಲಿ ಅದರ ಚಿತ್ರ ನೋಡಿದಾಗ ನನ್ನ ಮೈ ಜುಮ್ಮೆಂದಿತು. ಕಿನ್ನಾಳದ ರೀತಿಯಲ್ಲೇ ಒಂದು ಗರುಡ ಮಾಡಿ, ಅವರು ಊರಿಗೆ ಮರಳುವಾಗ ಕೊಟ್ಟು ಕಳಿಸಬೇಕೆಂದು ಅಂದೇ ನಿಶ್ಚಯಿಸಿದೆ.

ಆಮೇಲೆ ಶುರುವಾಯಿತು ಹೆಗಲಿನ ಕಾಟ.

ಮೊದಲ ಗರುಡನಿಗೆ ಮರವೇ ಶತ್ರು. ಮರ ಕೊಟ್ಟ ವ್ಯಾಪಾರಿ "ವರ್ಷಪೂರ್ತಿ ಒಣಗಿದ್ದು" ಎಂದು ಆಣೆ ಇಟ್ಟು ಹೇಳಿದ್ದ. ನಂಬಿ ಕೆತ್ತಿದೆ. ಎಂಟನೆಯ ದಿನ ಹೆಗಲು ಸೀಳಿತು. ಅದೇ ದಿಮ್ಮಿಯ ಉಳಿದ ತುಂಡನ್ನು ತೂಗಿ ಮಾಳಿಗೆಯ ಮೇಲಿಟ್ಟೆ. 1,240 ಗ್ರಾಂ ಇದ್ದದ್ದು ಮೂರು ವಾರದಲ್ಲಿ 910 ಗ್ರಾಂ ಆಯಿತು. ನಾನು ಹಣ ಕೊಟ್ಟದ್ದು ಮರಕ್ಕೆ, ಅವನು ಕೊಟ್ಟದ್ದು ನೀರು. ಈ ಸಿಟ್ಟು ನನಗೆ ಇನ್ನೂ ಇಳಿದಿಲ್ಲ. ಹವ್ಯಾಸದ ಕೆಲಸಕ್ಕೆ ಒಂದೆರಡು ದಿಮ್ಮಿ ಕೊಳ್ಳುವವರೆಂದರೆ ಇವರಿಗೆ ಅಷ್ಟು ಸಸಾರ. ತಕ್ಕಡಿ ಒಯ್ಯದೆ ಯಾರೂ ಮರ ಕೊಳ್ಳಬೇಡಿ.

ಎರಡನೆಯದಕ್ಕೆ ಒಣಗಿದ ಮರವನ್ನೇ ಬಳಸಿದೆ. ಆದರೆ ಕಿಟ್ಟವನ್ನು ಒಂದೇ ಸಲಕ್ಕೆ ಬೆರಳು ದಪ್ಪ ಮೆತ್ತಿದೆ. ಮೇಲೆ ಒಣಗಿ ಒಳಗೆ ಹಸಿ ಉಳಿದು ಬಿರಿಯಿತು. ಮೂರನೆಯದಕ್ಕೆ ತೆಳುವಾಗಿ ಹಚ್ಚಿ, ಬಲ ಬರಲೆಂದು ಮೇಲಿನ ಪದರಕ್ಕೆ ಅಂಟು ಹೆಚ್ಚಿಸಿದೆ. ಅದು ಬೇಸಿಗೆಯ ಕೆರೆಯಂಗಳದ ಹಾಗೆ ಚೆಕ್ಕೆ ಚೆಕ್ಕೆಯಾಗಿ ಎದ್ದಿತು. ನಾಲ್ಕನೆಯದನ್ನು ಎಲ್ಲ ಎಚ್ಚರಿಕೆಯಿಂದ ಮಾಡಿ ಮಾರ್ಚ್ ಕೊನೆಯ ಬಿಸಿಲಿಗೆ ಮಾಳಿಗೆಯ ಮೇಲಿಟ್ಟು ಊಟಕ್ಕೆ ಕೂತಿದ್ದೆ. ಮೇಲಿನಿಂದ "ಟಪ್" ಎಂದು ಸದ್ದು ಬಂತು. ಓಡಿಹೋಗಿ ನೋಡಿದರೆ ಎಡ ಹೆಗಲಿನಲ್ಲಿ ಮೂರು ಸೆಂಟಿಮೀಟರ್ ಉದ್ದದ ಬಿರುಕು. ಅಂದು ಅನ್ನ ಗಂಟಲಲ್ಲಿ ಇಳಿಯಲಿಲ್ಲ.

ಎಡ ಹೆಗಲೇ ಏಕೆ? ಎಡ ರೆಕ್ಕೆ ಮೇಲೆದ್ದಿದೆ, ಬಲ ರೆಕ್ಕೆ ಮಡಿಸಿದೆ. ಎದ್ದ ರೆಕ್ಕೆಯ ಭಾರವೆಲ್ಲ ಬೀಳುವುದು ಆ ಒಂದು ಜೋಡಣೆಯ ಮೇಲೆ. ಕಿನ್ನಾಳದಲ್ಲಿ ನನಗೆ ಕೆಲಸ ಕಲಿಸಿದ ಚಿತ್ರಗಾರ ಮನೆತನದ ಅಜ್ಜನವರು ಬಿರುಕನ್ನು ನೋಡಿದ ಕೂಡಲೇ, "ರೆಕ್ಕೆ ಮಾಡಿದ್ದೀಯಪ್ಪ, ಹೆಗಲಿಗೆ ಅಂಗಿ ತೊಡಿಸಿಲ್ಲ" ಎಂದರು. ಜೋಡಣೆಯ ಮೇಲೆ ಹಳೆಯ ನೂಲು ಬಟ್ಟೆಯ ಚೂರುಗಳನ್ನು ಹುಣಸೆ ಅಂಟಿನಿಂದ ಅಂಟಿಸಬೇಕೆಂಬುದು ಅವರ ಮಾತಿನ ಅರ್ಥ. ನಾನು ಹಚ್ಚಿದ್ದೆ, ಆದರೆ ಹೊಸ ಬಟ್ಟೆ, ಒಂದೇ ಉದ್ದ ಪಟ್ಟಿ. ತೊಳೆದು ತೊಳೆದು ಮೆತ್ತಗಾದ ಧೋತರ ಬೇಕು, ಬೆರಳುಗುರಿನಷ್ಟು ಚೂರು ಮಾಡಿ, ಎಳೆ ಅಡ್ಡಾದಿಡ್ಡಿ ಬರುವಂತೆ, ಮೀನಿನ ಹುರುಪೆಯ ಹಾಗೆ ಒಂದರ ಮೇಲೊಂದು ಏರಿಸಬೇಕು. ಅದು ಅರ್ಧ ಉತ್ತರ.

ಇನ್ನರ್ಧ ಸಿಕ್ಕಿದ್ದು ನಮ್ಮ ಅಡುಗೆಮನೆಯಲ್ಲಿ.

ಜಪಾನ್ ಸರ್‌ಗೆ ರೊಟ್ಟಿ ಬಡಿಯುವುದನ್ನು ಕಲಿಯಬೇಕೆಂಬ ಹಠ. ಮಿರ್ಚಿ ಬಜ್ಜಿ ಅವರಿಗೆ ಮೊದಲ ವಾರದಲ್ಲೇ ಒಗ್ಗಿತ್ತು. ತೆಂಪುರಾ ತಿಂದು ಬೆಳೆದವರಿಗೆ ಹಿಟ್ಟಿನಲ್ಲಿ ಅದ್ದಿ ಕರಿದದ್ದು ಹೊಸತಲ್ಲ, ಒಳಗಿನ ಖಾರವಷ್ಟೇ ಹೊಸತು. ಆದರೆ ರೊಟ್ಟಿ ಕೈಗೆ ಬರಲಿಲ್ಲ. ಒಂದು ಭಾನುವಾರ ನಮ್ಮ ತಾಯಿ ಎದುರಿಗೆ ಕೂರಿಸಿಕೊಂಡು ಕಲಿಸುತ್ತಿದ್ದರು. ಅವರು ತಟ್ಟಿದ ರೊಟ್ಟಿ ಅಂಗೈ ಅಗಲವಾಗುವಷ್ಟರಲ್ಲಿ ಅಂಚು ಒಡೆಯುತ್ತಿತ್ತು. ತಾಯಿ ಹಿಟ್ಟನ್ನು ಚಿವುಟಿ ನೋಡಿ, "ತಮ್ಮಾ, ನೀನು ತಣ್ಣೀರು ಹಾಕಿದ್ದೀಯ. ಜೋಳಕ್ಕೆ ಎಸರು ಬೇಕು. ಕುದಿಯುವ ನೀರು ಬೀಳದಿದ್ದರೆ ಜಿಗಿ ಬರುವುದಿಲ್ಲ. ಜಿಗಿ ಇಲ್ಲದ ಹಿಟ್ಟು ಎಷ್ಟು ನಾದಿದರೂ ಅಂಚು ಬಿಡುತ್ತದೆ" ಎಂದರು. ಎಸರು ಹೊಯ್ದು, ಕೈ ಸುಡುತ್ತಿರುವಾಗಲೇ ಅಂಗೈ ಬುಡದಿಂದ ಒತ್ತಿ ಒತ್ತಿ ನಾದಿದರು. ಎಷ್ಟು ಮೆತ್ತಗಾಗಬೇಕು ಎಂದು ಜಪಾನ್ ಸರ್ ಕೇಳಿ, ತಮ್ಮ ಕಿವಿಯ ಹಾಲೆ ಹಿಡಿದು ತೋರಿಸಿದರು. ಅವರ ಕಡೆ ಹಿಟ್ಟಿನ ಹದ ಹೇಳುವುದೇ ಹಾಗಂತೆ, ಕಿವಿಯ ಹಾಲೆಯಷ್ಟು ಮೆತ್ತಗೆ. ತಾಯಿ ಹಿಟ್ಟು ಮೆತ್ತಿದ ಬೆರಳಿನಿಂದಲೇ ತಮ್ಮ ಕಿವಿ ಹಿಡಿದು ಒತ್ತಿ ನೋಡಿ, "ಹೌದು, ಇಷ್ಟೇ" ಎಂದರು. ಬೆಂಡೋಲೆಯ ಸುತ್ತ ಬಿಳಿ ಹಿಟ್ಟು ಉಳಿಯಿತು.

ನಾನು ಮತ್ತು ಜಪಾನ್ ಸರ್ ಪರಸ್ಪರ ಮುಖ ನೋಡಿಕೊಂಡೆವು. ಜಿಗಿ! ನಾನು ಹುಣಸೆ ಅಂಟನ್ನು ರಾತ್ರಿ ಕುದಿಸಿಟ್ಟು, ಬೆಳಗ್ಗೆ ತಣ್ಣಗೆ ಗಡ್ಡೆ ಕಟ್ಟಿದ ಮೇಲೆ ಹೊಟ್ಟು ಕಲಸುತ್ತಿದ್ದೆ. ಹೊಟ್ಟಿನ ಹೊರಮೈ ಮಾತ್ರ ನೆನೆದು ಒಡಲು ಒಣಗಿಯೇ ಇರುತ್ತಿತ್ತು. ಮೆತ್ತಿದ ಮೇಲೆ ಅದು ನಿಧಾನವಾಗಿ ನೀರು ಕುಡಿದು ಉಬ್ಬಿ, ಮತ್ತೆ ಒಣಗುವಾಗ ಕುಗ್ಗುತ್ತಿತ್ತು. ಆ ಉಬ್ಬುವಿಕೆ, ಕುಗ್ಗುವಿಕೆ ಎರಡೂ ನಡೆಯುತ್ತಿದ್ದದ್ದು ಗೊಂಬೆಯ ಹೆಗಲಿನ ಮೇಲೆ.

ಅಂದೇ ಸಂಜೆ ಅಂಗೈ ಅಗಲದ ಆರು ಹಲಗೆ ತುಂಡು ಕತ್ತರಿಸಿ, ನಡುವೆ ಜೋಡಣೆ ಬರುವಂತೆ ಕೂಡಿಸಿದೆವು. ಪ್ರತಿಯೊಂದರ ಬೆನ್ನಿಗೆ ಜಪಾನ್ ಸರ್ ತಮ್ಮ ಮೊದಲ ಪದವನ್ನೇ ಬರೆದರು: ಅಪ್ಪು 1, ಅಪ್ಪು 2, ಹೀಗೆ ಅಪ್ಪು 6ರವರೆಗೆ. ಬಿಸಿ ಅಂಟಿನಲ್ಲಿ ನಾದಿ, ಒದ್ದೆ ಬಟ್ಟೆ ಮುಚ್ಚಿ ಎರಡು ತಾಸು ಬಿಟ್ಟು ಮೆತ್ತಿದ 4, 5, 6 ಮೂರೂ ಮೊದಲ ವಾರ ದಾಟಿದವು. ತಣ್ಣನೆಯ ಅಂಟಿನ ಮೂರರಲ್ಲಿ ಒಂದೂ ಉಳಿಯಲಿಲ್ಲ.

ಕಲ್ಲುಪುಡಿಯ ಲೇಪ ಹಚ್ಚಿದಾಗ 4 ಮತ್ತು 5ರ ಮೇಲ್ಪದರ ಎದ್ದಿತು. 6 ಮಾತ್ರ ಎದ್ದಿಲ್ಲ, ಏಕೆಂದರೆ ಅದರ ಲೇಪ ಜಪಾನ್ ಸರ್ ಅವರ ಲೆಕ್ಕದ್ದು. ಗೋಫುನ್ ಹಚ್ಚುವವರು ಕೆಳಪದರಕ್ಕೆ ಗಟ್ಟಿ ಅಂಟು, ಮೇಲೆ ಹೋದಂತೆ ತೆಳು ಅಂಟು ಬಳಸುತ್ತಾರೆ. ಒಣಗುವಾಗ ಬಲವಾದ ಪದರ ಬಿಗಿದೆಳೆಯುತ್ತದೆ. ಅದು ಮೇಲಿದ್ದರೆ ಕೆಳಗಿನ ದುರ್ಬಲ ಪದರವನ್ನು ಕಿತ್ತುಕೊಂಡೇ ಏಳುತ್ತದೆ. ಮೂರನೆಯ ಗರುಡನಿಗೆ ನಾನು ಮಾಡಿದ್ದು ಇದರ ತಿರುಗುಮುರುಗು. ಈಗ ನನ್ನ ಲೆಕ್ಕ ಹೀಗಿದೆ: ಕಿಟ್ಟಕ್ಕೆ ಒಂದು ಪಾಲು ಹುಣಸೆ ಬೀಜದ ಪುಡಿಗೆ 10 ಪಾಲು ನೀರು, ಬಟ್ಟೆಗೆ 12, ಮೊದಲ ಲೇಪಕ್ಕೆ 15, ಕೊನೆಯದಕ್ಕೆ 18. ಹುಳ ಹಿಡಿಯದಂತೆ ಕುದಿಯುವಾಗಲೇ ಚಿಟಿಕೆ ಮೈಲುತುತ್ತ. ಒಣಗಿಸುವುದು ಬಿಸಿಲಿನಲ್ಲಲ್ಲ, ನೀರಿನ ಕೊಡದ ಪಕ್ಕದ ನೆರಳಿನಲ್ಲಿ, ಮೊದಲ ಮೂರು ದಿನ ಹಿಂಡಿದ ಒದ್ದೆ ಗೋಣಿಚೀಲ ಹೊದಿಸಿ. 40 ಡಿಗ್ರಿ ಮುಟ್ಟುವ ನಮ್ಮ ಬೇಸಿಗೆಯಲ್ಲಿ ಗೊಂಬೆಯನ್ನು ಒಣಗಿಸುವುದಕ್ಕಿಂತ ಬೇಗ ಒಣಗದಂತೆ ಕಾಯುವುದೇ ದೊಡ್ಡ ಕೆಲಸ.

ಲಾಜವಾರದ, ಅಂದರೆ ತವರದ ಪುಡಿ ಹಚ್ಚಿ ತಿಕ್ಕಿ ತರುವ ಹೊಳಪು ಇನ್ನೂ ಬಾಕಿ. ತವರದ ಪುಡಿಗೆ ಮುಂಗಡ ಕಳಿಸಿ ಐದು ವಾರ ಕಾದೆ. ಬಂದದ್ದು ಅಲ್ಯೂಮಿನಿಯಂ ಪುಡಿ. ಕೇಳಿದರೆ "ಎರಡೂ ಬೆಳ್ಳಗೇ ಇರುತ್ತವಲ್ಲ" ಎಂಬ ಉತ್ತರ. ಎರಡೂ ಬೆಳ್ಳಗಿರುತ್ತವೆ, ನಿಜ. ಆದರೆ ತಿಕ್ಕಿದಾಗ ತವರ ಕೊಡುವ ತಂಪು ಬೆಳಕು ಅದರಲ್ಲಿ ಬರುವುದಿಲ್ಲ. ವಾಪಸು ಕಳಿಸಿದ್ದೇನೆ.

ಕಾಯುವ ಈ ದಿನಗಳಲ್ಲಿ ಮನಸ್ಸು ಮೊರನಾಳದ ಕಡೆ ಓಡಿದೆ. 2025ರಲ್ಲಿ ಪದ್ಮಶ್ರೀ ಪಡೆದ ತೊಗಲುಗೊಂಬೆಯಾಟದ ಹಿರಿಯ ಕಲಾವಿದೆ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ನಮ್ಮ ಜಿಲ್ಲೆಯ ಇದೇ ಊರಿನವರು. ತೊಗಲುಗೊಂಬೆಯ ಬಣ್ಣ ಹಿಂದಿನ ದೀಪದಿಂದ ಜೀವ ಪಡೆಯುತ್ತದೆ, ಲೇಪವೂ ಬೇಡ, ಕಿಟ್ಟವೂ ಬೇಡ. ಮರದ ಗರುಡನ ಹಿಂದೆ ತೊಗಲಿನ ಗರುಡನೊಂದನ್ನು ನಿಲ್ಲಿಸಿ ದೀಪ ಹಚ್ಚಿದರೆ ಹೇಗಿರುತ್ತದೆ ಎಂದು ರೆಕ್ಕೆಯ ರೇಖೆ ಬರೆದು ನೋಡುತ್ತಿದ್ದೇನೆ. ಅವರ ಬುನ್‌ರಾಕುವಿನಲ್ಲಿ ಒಂದು ಗೊಂಬೆಯನ್ನು ಮೂವರು ಆಡಿಸುತ್ತಾರಂತೆ. ನಮ್ಮಲ್ಲಿ ಒಬ್ಬರೇ ಎರಡು ಗೊಂಬೆ ಹಿಡಿದು ಹಾಡನ್ನೂ ಹೇಳುತ್ತಾರೆ ಎಂದಾಗ ಜಪಾನ್ ಸರ್ ಮೊರನಾಳಕ್ಕೆ ಹೋಗುವ ದಿನವನ್ನೇ ಗೊತ್ತು ಮಾಡಿಬಿಟ್ಟರು. ಹದವಾದ ಮೇಕೆ ತೊಗಲು ಎಲ್ಲಿ ಸಿಗುತ್ತದೆ ಎಂದು ಬಲ್ಲವರಿದ್ದರೆ ತಿಳಿಸಿ. ತಕ್ಕಡಿಯೊಂದಿಗೆ ಬರುತ್ತೇನೆ.

ಅದಕ್ಕೂ ಮೊದಲು ಒಂದು ಪರೀಕ್ಷೆ ಉಳಿದಿದೆ. ಈ ಗರುಡ ಹೋಗಲಿರುವ ಊರಿನಲ್ಲಿ ಜೂನ್ ಬಂತೆಂದರೆ ವಾರಗಟ್ಟಲೆ ಜಿಟಿಜಿಟಿ ಮಳೆ, ಗೋಡೆಯೂ ಬೆವರುವ ತೇವ. ಹುಣಸೆ ಅಂಟಿಗೆ ತೇವ ಆಗದು. ಕೊಪ್ಪಳದ ಒಣ ಹವೆಯಲ್ಲಿ 21 ದಿನ ಗಟ್ಟಿ ನಿಂತ ಹೆಗಲು ಅಲ್ಲಿ ಮೆತ್ತಗಾಗಬಾರದು. ಆದ್ದರಿಂದ ಇಂದು ಸಂಜೆಯಿಂದ "ಅಪ್ಪು 6" ನಮ್ಮ ಬಚ್ಚಲುಮನೆಯ ಗೂಡಿನಲ್ಲಿ, ಹಂಡೆಯ ಬಿಸಿನೀರಿನ ಹಬೆ ತಾಗುವಲ್ಲಿ ಇರುತ್ತದೆ. ಹದಿನೈದು ದಿನ ಯಾರೂ ಅದನ್ನು ಕದಲಿಸಬಾರದೆಂದು ಮನೆಯವರಿಗೆಲ್ಲ ಹೇಳಿದ್ದೇನೆ.