ಭಾಳ ಸಾಧು ಐತಿ

ಹೋದ ಭಾನುವಾರದಿಂದ ಒಂದು ಹೆಬ್ಬೆರಳು ನನ್ನ ಕಣ್ಣ ಮುಂದಿಂದ ಸರಿಯುತ್ತಿಲ್ಲ. ಭಾವನವರದು. ಅದು ನಮ್ಮ ಬೆಲ್ಲನ ಎದೆಯ ಪುಕ್ಕದೊಳಗೆ ಇಳಿಯಿತು. ನಡುವಿನ ಎಲುಬು ಹುಡುಕಿ ಆ ಕಡೆ ಒಮ್ಮೆ, ಈ ಕಡೆ ಒಮ್ಮೆ ಒತ್ತಿ ನೋಡಿತು. ಸಂತೆಯಲ್ಲಿ ಮಾವಿನಹಣ್ಣು ಒತ್ತಿ ನೋಡ್ತಾರಲ್ಲ, ಹಾಗೆ.

"ಭಾಳ ಸಾಧು ಐತಿ ಬಿಡು," ಅಂದರು. "ಎರಡೂವರಿ ಕೇಜಿಗೆ ಮೋಸಿಲ್ಲ. ಶ್ರಾವಣ ಹತ್ತೂದ್ರೊಳಗ ಮುಗಿಸಿಬಿಡ್ರಿ."

ಬೆಲ್ಲ ನಮ್ಮ ಹಿತ್ತಲಿನ ಕೋಳಿ. ಮುಧೋಳದ ಬೆಲ್ಲದ ಬಣ್ಣ ಅಂತ ಮಗಳು ಇಟ್ಟ ಹೆಸರು. ಅದನ್ನು ಭಾವನವರ ಕೈಗೆ ಕೊಟ್ಟವಳೂ ಅವಳೇ. ತೊಡೆ ಮೇಲಿಟ್ಟುಕೊಂಡು ಕೂತಿದ್ದಳು. ದೊಡ್ಡಪ್ಪ ಬಂದ ಖುಷಿಗೆ ಎರಡೂ ಕೈಯಲ್ಲಿ ಎತ್ತಿ, "ಹಿಡ್ಕೋರಿ ದೊಡ್ಡಪ್ಪಾ, ಏನೂ ಮಾಡಂಗಿಲ್ಲ. ಯಾರ ಹಿಡಿದ್ರೂ ಸುಮ್ಮನ ಕುಂದರತೈತಿ" ಅಂತ ಕೊಟ್ಟಳು. ಅದೂ ಹಾಗೇ ಮಾಡಿತು. ಅವರ ಅಂಗೈ ಮೇಲೆ ಕೂತು ಕಣ್ಣು ಮುಚ್ಚಿತು.

ಕೋಳಿ ಕಣ್ಣು ಮುಚ್ಚುವುದನ್ನು ಹತ್ತಿರದಿಂದ ನೋಡಿದ್ದೀರಾ? ನಮ್ಮ ಹಾಗೆ ಮೇಲಿನ ರೆಪ್ಪೆ ಕೆಳಗೆ ಬರುವುದಿಲ್ಲ. ಕೆಳಗಿನ ರೆಪ್ಪೆ ಮೇಲಕ್ಕೆ ಏರುತ್ತದೆ. ತೆಳ್ಳಗಿನ ರೆಪ್ಪೆ, ಮೆಲ್ಲಗೆ ಏರಿ ಕಣ್ಣು ತುಂಬುತ್ತದೆ. ಹೆಬ್ಬೆರಳು ಎದೆ ಒತ್ತುತ್ತಿದ್ದಾಗ ಆ ರೆಪ್ಪೆ ಏರುತ್ತಿತ್ತು.

ನಾನೇನು ಮಾಡಿದೆ? ನಕ್ಕೆ. "ಹೌದ್ರಿ ಭಾವಾರ, ಭಾಳ ಸಾಧು ಐತ್ರಿ" ಅಂದೆ.

ಭಾವನವರು ಕೆಟ್ಟವರಲ್ಲ, ಮೊದಲೇ ಹೇಳಿಬಿಡ್ತೀನಿ. ಯಜಮಾನರ ದೊಡ್ಡಪ್ಪನ ಮಗ, ಜಮಖಂಡಿ ಕಡೆ ಹೊಲ. ಯಾರ ಮನೆಗೆ ಹೋದರೂ ಕೂರುವ ಮುಂಚೆಯೇ ಫ್ಯಾನ್ ಎಷ್ಟಕ್ಕೆ ತಂದ್ರಿ, ಕಾಟು ಎಷ್ಟಕ್ಕೆ ಬಿತ್ತು ಅಂತ ಕೇಳುವ ಪೈಕಿ. ನಮ್ಮ ಮಾವ ಆಸ್ಪತ್ರೆಯಲ್ಲಿದ್ದಾಗ ದಿನಾ ಬಸ್ಸಿಗೆ ಬಂದು ರೊಟ್ಟಿ ಬುತ್ತಿ ಕೊಟ್ಟು ಹೋದವರೂ ಅವರೇ. ಇನ್ನು ನಾವೇನು ಕೋಳಿ ತಿನ್ನದ ಮಂದಿ ಅಲ್ಲ. ಅವತ್ತು ಅವರ ತಾಟಿಗೆ ಬಡಿಸಿದ್ದೂ ಕೋಳಿ ಸಾರೇ, ಅಂಗಡಿಯಿಂದ ತಂದದ್ದು. ನಾನೂ ಎರಡು ಸಲ ಹಾಕಿಸಿಕೊಂಡು ಉಂಡೆ. ಹಾಗಾಗಿ ಅವರು ತೂಕ ಕೇಳಿದ್ದಕ್ಕೆ ನನಗೆ ಸಿಟ್ಟು ಬರಬೇಕಾದ ಕಾರಣವೇ ಇಲ್ಲ. ಆದರೂ ರಾತ್ರಿ ನಿದ್ದೆ ಬರಲಿಲ್ಲ.

ಕೋಳಿಯ ಹುಚ್ಚು ಹತ್ತಿದ್ದು ನನಗಲ್ಲ, ಅತ್ತೆಗೆ. ಹಳೆ ಬಾಗಲಕೋಟೆಯ ಮನೆ ಮುಳುಗಡೆಗೆ ಹೋಗಿ ನವನಗರಕ್ಕೆ ಬಂದಾಗ ಇದ್ದ ಕೋಳಿಗಳನ್ನೆಲ್ಲ ಹಂಚಿ ಬಂದಿದ್ದರಂತೆ. ಸೆಕ್ಟರಿನ ಮನೆಯಲ್ಲಿ ಕೋಳಿ ಏನು ಚೆಂದ ಅಂತ ಇಷ್ಟು ವರ್ಷ ಸುಮ್ಮನಿದ್ದರು. ಈ ಸಂಕ್ರಮಣಕ್ಕೆ ಅದೇನನ್ನಿಸಿತೋ, ಊರಿಂದ ಒಂದು ಜವಾರಿ ಕೋಳಿ ತರಿಸಿದರು. ಆಗಲೇ ಕಾವಿಗೆ ಬಂದಿದ್ದ ಕೋಳಿ. ಹಗಲಲ್ಲಿ ತಂದರೆ ಕಾವು ಬಿಡತೈತಿ ಅಂತ ಕತ್ತಲಾದ ಮೇಲೆ ಬುಟ್ಟಿ ಮುಚ್ಚಿ ತರಿಸಿದ್ದು.

ಅದರ ಕೆಳಗೆ ಯಾವ ತತ್ತಿ ಇಡೋದು ಅನ್ನುವಲ್ಲಿ ಜಗಳ. ಅತ್ತೆಗೆ ಜವಾರಿ ಬಿಟ್ಟರೆ ಬೇರೆ ಕೋಳಿ ಕೋಳಿಯೇ ಅಲ್ಲ. ಮಗಳಿಗೆ ಮಾತ್ರ ಎತ್ತಿಕೊಳ್ಳುವ ಕೋಳಿ ಬೇಕು. ವಿಡಿಯೊಗಳಲ್ಲಿ ಪರದೇಶದ ಮಕ್ಕಳು ಬೆಕ್ಕಿನ ಹಾಗೆ ಕೋಳಿ ಎತ್ತಿಕೊಂಡು ತಿರುಗುವುದನ್ನು ನೋಡಿಬಿಟ್ಟಿದ್ದಳು. ನಾನೂ ಅವಳ ಜೊತೆ ಕೂತು ನೋಡಿದೆ. ಸಿಲ್ಕಿ ಅಂತ ಒಂದಿದೆ. ಪುಕ್ಕ ಥೇಟ್ ಕೂದಲು, ಕಾಲಿಗೆ ಐದು ಬೆರಳು. ಆರ್ಪಿಂಗ್ಟನ್ ಅಂತ ಇನ್ನೊಂದು, ಇಂಗ್ಲೆಂಡಿನದು, ದಪ್ಪ ಪುಕ್ಕದ ಗುಂಡು ಕೋಳಿ. ಅದನ್ನು ನಮ್ಮ ಮೇ ತಿಂಗಳಿಗೆ ತಂದರೆ ಮೊದಲು ಅದಕ್ಕೊಂದು ಕೂಲರ್ ತರಬೇಕು. ಕಡಕನಾಥ ತೋರಿಸಿದೆ. ಮಧ್ಯಪ್ರದೇಶದ ಝಾಬುವಾದ್ದು, 2018ರಲ್ಲಿ ಜಿಐ ಟ್ಯಾಗ್ ಸಿಕ್ಕಿದ್ದು. ಚರ್ಮ, ಮಾಂಸ ಎಲ್ಲ ಕಪ್ಪು. ಮಗಳು ಬೇಡ ಅಂದಳು. ಅಸೀಲ್ ಕಾಳಗದ ಕೋಳಿ ಅಂತ ಓದಿ ಹೇಳಿದಾಗ ಅತ್ತೆ, "ಮನ್ಯಾಗಿನ ಜಗಳ ಸಾಲದೇನು?" ಅಂದರು.

ಕೊನೆಗೆ ಗಿರಿರಾಜ ಅಂತಾಯಿತು. ಬೆಂಗಳೂರಿನಲ್ಲಿ ಕೃಷಿ ವಿಶ್ವವಿದ್ಯಾಲಯದವರು ಹಿತ್ತಲಲ್ಲಿ ಸಾಕಲಿಕ್ಕೇ ಅಂತ ಮಾಡಿದ ತಳಿ. ಜವಾರಿ ವರ್ಷಕ್ಕೆ 50-60 ತತ್ತಿ ಇಟ್ಟರೆ ಇದು 130ರ ಮೇಲೆ. ಮೈ ಭಾರ, ಗೋಡೆ ಹಾರುವ ತಾಪತ್ರಯವಿಲ್ಲ. ಕಾವು ಕೂರುವ ಬುದ್ಧಿ ಮಾತ್ರ ಇದಕ್ಕೆ ಅಷ್ಟಕ್ಕಷ್ಟೇ, ಮರಿ ಮಾಡಬೇಕಂದ್ರೆ ಜವಾರಿಯ ಹೊಟ್ಟೆಯ ಕೆಳಗೇ ಇಡಬೇಕು. "ಗುಣ ಹೆಂಗ್ರಿ?" ಅಂತ ತತ್ತಿ ಕೊಡುವವನನ್ನು ಕೇಳಿದೆ.

"ಭಾಳ ಸಾಧು ಅದಾವ್ರಿ ಅಕ್ಕಾರ. ಸಣ್ಣ ಹುಡುಗರು ಇದ್ದ ಮನಿಗೆ ಇದ ಬೇಕು."

ಆ ಒಂದು ಮಾತಿಗೆ ತತ್ತಿಗೆ ಐದು ರೂಪಾಯಿ ಜಾಸ್ತಿ ಕೊಟ್ಟು ಬಂದೆ.

ಅತ್ತೆ ಬುಟ್ಟಿಗೆ ಬೂದಿ ಹಾಕಿ, ಮೇಲೆ ಒಣ ಹುಲ್ಲು ಹಾಸಿ 11 ತತ್ತಿ ಇಟ್ಟರು. ಬೆಸ ಸಂಖ್ಯೆಯೇ ಆಗಬೇಕು. ಗುಡುಗಿಗೆ ತತ್ತಿ ಕೆಡಬಾರದು ಅಂತ ಒಂದು ಕಬ್ಬಿಣದ ಮೊಳೆ ಬೇರೆ. ಜನವರಿಯಲ್ಲಿ ಎಲ್ಲಿಯ ಗುಡುಗು ಅಂತ ನಾನು ಕೇಳಲಿಲ್ಲ. 21 ದಿನ ಆ ಕೋಳಿ ಕೂತ ರೀತಿ ನೋಡಬೇಕಿತ್ತು. ದಿನಕ್ಕೆ ಒಂದೇ ಸಲ ಎದ್ದು, ನಾಲ್ಕು ಕಾಳು ತಿಂದು, ನೀರು ಕುಡಿದು, ಹೊಲಸು ಹಾಕಿ, ಓಡಿ ಬಂದು ಮತ್ತೆ ಕೂರುತ್ತಿತ್ತು. ಹತ್ತಿರ ಹೋದರೆ ಪುಕ್ಕ ಉಬ್ಬಿಸಿ ಕುಂಬಳಕಾಯಿಯಷ್ಟಾಗುತ್ತಿತ್ತು. ಏಳನೆಯ ರಾತ್ರಿ ಮೊಬೈಲಿನ ಟಾರ್ಚ್ ಹಚ್ಚಿ ಒಂದೊಂದೇ ತತ್ತಿ ನೋಡಿದೆವು. ಒಳಗೆ ಕೆಂಪು ನರಗಳು ಜೇಡನ ಕಾಲಿನ ಹಾಗೆ ಹರಡಿದ್ದವು, ನಡುವೆ ಒಂದು ಕಪ್ಪು ಚುಕ್ಕೆ. ಎರಡರಲ್ಲಿ ಏನೂ ಇರಲಿಲ್ಲ, ತೆಗೆದೆವು. ಅಷ್ಟು ಮಾಡುವುದರೊಳಗೆ ಅದು ನನ್ನ ಕೈಯನ್ನು ಮೂರು ಕಡೆ ಕುಕ್ಕಿತ್ತು.

ಇಪ್ಪತ್ತನೆಯ ದಿನ ತತ್ತಿಯೊಳಗಿಂದ ಚಿಂವ್ ಚಿಂವ್ ಕೇಳಿತು. ಕೋಳಿ ಕೆಳದನಿಯಲ್ಲಿ ಉತ್ತರ ಕೊಡುತ್ತಿತ್ತು. ಒಂದು ತತ್ತಿ ಮಾತ್ರ ತೂತು ಬಿದ್ದು ಅರ್ಧ ದಿನವಾದರೂ ಮುಂದೆ ಹೋಗಲಿಲ್ಲ. ನಾನು ಉಗುರಿನಿಂದ ಸುಲಿಯಲು ಹೋದೆ. ಅತ್ತೆ ಕೈಗೆ ಹೊಡೆದರು. "ರಗತ ಇನ್ನೂ ಪೊರಿಯೊಳಗ ಐತಿ, ಹರಿದ್ರ ಸಾಯತೈತಿ." ಮರುದಿನ ಬೆಳಿಗ್ಗೆ ಆ ಮರಿ ತಾನೇ ಹೊರಗೆ ಬಂದು ಒದ್ದೆ ಅರಿವೆಯ ಹಾಗೆ ಬಿದ್ದುಕೊಂಡಿತ್ತು. ಅದೇ ಬೆಲ್ಲ.

ಒಂದು ತತ್ತಿ ಒಡೆಯಲೇ ಇಲ್ಲ, ಎಂಟು ಮರಿ ಎದ್ದವು. ಏಳನೆಯ ದಿನಕ್ಕೆ ಕೊಕ್ಕರೆ ರೋಗದ ಲಸಿಕೆ, ಕಣ್ಣಿಗೊಂದು ಹನಿ. ಆ ಸೀಸೆ 100 ಕೋಳಿಗಾಗುವಷ್ಟು ಬರುತ್ತದೆ. ಕಲಸಿದ ಮೇಲೆ ಎರಡು ತಾಸಿನೊಳಗೆ ಮುಗಿಸಬೇಕು. ನಮ್ಮಲ್ಲಿ ಎಂಟು. ಐಸ್ ಹಾಕಿದ ಥರ್ಮಾಸ್ ಹಿಡಿದುಕೊಂಡು ಯಾರ ಮನೆಯಲ್ಲಿ ಕೋಳಿ ಇದಾವೆ ಅಂತ ಓಣಿ ಓಣಿ ತಿರುಗಿದೆ. ಇಷ್ಟು ವರ್ಷ ಮಾತಾಡದ ನೆರೆಯವರ ಜೊತೆ ಅವತ್ತು ಮಾತಾಯಿತು. ಎಂಟರಲ್ಲಿ ಒಂದನ್ನು ಹದ್ದು, ಎರಡನ್ನು ಬೆಕ್ಕು, ಎರಡನ್ನು ಏಪ್ರಿಲ್ಲಿನ ಬಿಸಿಲು ತಗೊಂಡವು. ಹದ್ದು ಇಳಿದಾಗ ಜವಾರಿ ಮೊಳದೆತ್ತರ ಜಿಗಿದು ಅದರ ಮೇಲೆ ಬಿದ್ದದ್ದನ್ನು ನಾನು ಅಡುಗೆಮನೆ ಕಿಟಕಿಯಿಂದ ನೋಡಿದೆ. ಇಲ್ಲದಿದ್ದರೆ ಇನ್ನೊಂದೂ ಹೋಗುತ್ತಿತ್ತು. ಉಳಿದ ಮೂರರಲ್ಲಿ ಎರಡು ಹುಂಜ, ಹೊಲಕ್ಕೆ ಕಳಿಸಿದೆವು. ಈಗ ಹಿತ್ತಲಲ್ಲಿ ಜವಾರಿ ಮತ್ತು ಬೆಲ್ಲ.

ಬೆಲ್ಲ ಸಾಧುವಾಗಿದ್ದು ತಳಿಯಿಂದ ಅಷ್ಟೇ ಅಲ್ಲ. ನಾವು ಮಾಡಿದ್ದು. ಮೊದಲ ದಿನದಿಂದ ಮಗಳ ಅಂಗೈಯಲ್ಲೇ ಜೋಳದ ನುಚ್ಚು ತಿಂದಿದೆ. ಶಾಲೆಯಿಂದ ಬಂದ ಕೂಡಲೇ ಅವಳು ಅದನ್ನು ಎತ್ತಿಕೊಂಡು ಎಲ್ಲರ ಕೈಗೆ ಕೊಟ್ಟು ರೂಢಿ ಮಾಡಿಸಿದಳು. ಹಾಲಿನವನ ಕೈಗೆ, ಎದುರು ಮನೆಯ ಕೂಸಿನ ಕೈಗೆ, ಕರೆಂಟ್ ಬಿಲ್ ಕೊಡಲು ಬಂದವನ ಕೈಗೂ. ಯಾರು ಕೈ ಚಾಚಿದರೂ ಅದು ಮೊಣಕಾಲು ಮಡಚಿ ಕೂರುತ್ತದೆ. ಜವಾರಿಯೂ ಅದೇ ಮನೆಯ ಕಾಳು ತಿನ್ನುತ್ತದೆ. ಆದರೆ ಆರು ತಿಂಗಳಲ್ಲಿ ಒಬ್ಬರ ಕೈಗೂ ಸಿಕ್ಕಿಲ್ಲ. ರಾತ್ರಿ ನುಗ್ಗೆ ಗಿಡದ ಮೇಲೆ ಮಲಗುತ್ತದೆ. ಭಾವನವರು ಅವತ್ತು ಅದರ ಕಡೆಗೂ ಎರಡು ಹೆಜ್ಜೆ ಇಟ್ಟರು. ಅದು ಕೂಗಿದ ಕೂಗಿಗೆ ಅವರೇ ಹಿಂದೆ ಸರಿದು, "ಇದು ಹರಾಮಿ ಐತಿ" ಅಂದರು. ಅದರ ತೂಕ ಯಾರೂ ಕೇಳಲಿಲ್ಲ.

ನನ್ನನ್ನು ಕಾಡಿದ್ದು ಆ ಮಾತೇ. ಸಾಧು. ಹಾಲು ಕರೆಯುವಾಗ ಒದೆಯದ ಆಕಳಿಗೆ ಅಂತಾರೆ. ಸಂತೆಯಲ್ಲಿ ಎತ್ತಿನ ಹಲ್ಲು ನೋಡುವವರು ಅಂತಾರೆ. ಗಂಡಸರಿಗೂ ಅಂತಾರೆ, ಇಲ್ಲ ಅಂತಲ್ಲ, ಆದರೆ ಮುಂದೊಂದು 'ಪಾಪ' ಸೇರಿಸಿ. "ಪಾಪ, ಸಾಧು ಮನುಷ್ಯಾ." ಆಸ್ತಿ ಪಾಲಿನಲ್ಲಿ ಮೋಸ ಹೋದವನ ಬಗ್ಗೆ ಮಾತಾಡುವಾಗ.

ನನಗೂ ಒಂದು ಸಲ ಅಂದಿದ್ದಾರೆ. ನನ್ನನ್ನು ನೋಡಲು ಬಂದ ದಿನ. ನಾನು ಅವಲಕ್ಕಿಯ ತಾಟು ಹಿಡಿದು ಒಳಗೆ ಬಂದೆ. ಚಾಪೆ ಮೇಲೆ ಏಳೆಂಟು ಜನ ಕೂತಿದ್ದರು. ಅದರಲ್ಲಿ ಈ ಭಾವನವರೂ ಇದ್ದರಂತೆ, ನನಗೆ ನೆನಪಿಲ್ಲ, ನಾನು ತಲೆ ಎತ್ತಿದ್ದರೆ ತಾನೆ. ಅಂದದ್ದು ಅವರಲ್ಲ. ನಮ್ಮಪ್ಪ. "ನಮ್ಮ ಹುಡುಗಿ ಭಾಳ ಸಾಧು ಐತ್ರಿ. ಯಾರಿಗೂ ಒಂದ ಮಾತು ಎದುರ ಆಡಂಗಿಲ್ಲ." ಅಪ್ಪನ ದನಿಯಲ್ಲಿ ಎಂಥ ಹೆಮ್ಮೆ ಇತ್ತು ಅಂದ್ರೆ, ನನಗೂ ಒಳಗೊಳಗೇ ಖುಷಿಯಾಯಿತು. ಆ ಹೆಮ್ಮೆ ಭಾನುವಾರ ಮತ್ತೆ ಕೇಳಿಸಿತು. "ಹಿಡ್ಕೋರಿ ದೊಡ್ಡಪ್ಪಾ, ಏನೂ ಮಾಡಂಗಿಲ್ಲ."

ಮದುವೆ ಕೆಟ್ಟದಾಗಲಿಲ್ಲ, ಅದೂ ನಿಜ. ಒಳ್ಳೆಯ ಮನೆಗೇ ಬಂದೆ. ಆದರೆ ಅದು ನನ್ನ ಗುಣದಿಂದಲ್ಲ, ಹಿಡಿದವರ ಕೈ ನೆಟ್ಟಗಿತ್ತು ಅಂತ. ಅತ್ತೆ ಸಾಧು ಅಲ್ಲ. ಮೊದಲ ಹತ್ತು ವರ್ಷ ನನಗೂ ಅವರಿಗೂ ಆಗಿಬರಲಿಲ್ಲ. ಮನೆಗೆ ಬಂದವರು ಅವರ ಮುಂದೆ ಫ್ಯಾನಿನ ರೇಟು ಕೇಳುವುದಿಲ್ಲ, ಇದನ್ನು ನಾನು ಗಮನಿಸಿದ್ದೇನೆ.

ಭಾನುವಾರ ಭಾವನವರು ಹೋದ ಮೇಲೆ ಅತ್ತೆ ಅಂದದ್ದಿಷ್ಟೇ: "ಇನ್ನ ಮುಂದ ಮಂದಿ ಬಂದ್ರ ಅದನ್ನ ಬುಟ್ಟಿ ಹಾಕಿ ಮುಚ್ಚಿಡು."

ಮಗಳು ಎರಡು ದಿನ ಏನೂ ಕೇಳಲಿಲ್ಲ. ಬುಧವಾರ ಜಡೆ ಹಾಕುವಾಗ ಕೇಳಿದಳು, "ಅವ್ವಾ, ಬೆಲ್ಲಗ ಕುಕ್ಕೂದು ಕಲಿಸಬೌದಾ?"

ಕಲಿಸಲು ನೋಡಿದಳು ಸಹ. ಒಂದು ಕಡ್ಡಿ ಹಿಡಿದು ಅದರ ಎದೆಗೆ ಮೆಲ್ಲಗೆ ಚುಚ್ಚಿದಳು. ಬೆಲ್ಲ ಕಡ್ಡಿಯ ತುದಿ ನೋಡಿತು, ತಿನ್ನುವುದಲ್ಲ ಅಂತ ಗೊತ್ತಾಯಿತು, ಬಂದು ಅವಳ ಪಾದದ ಮೇಲೆ ಕೂತಿತು. ಅದರ ಜುಟ್ಟು ಈಗ ಕೆಂಪಾಗಿದೆ. ಇಷ್ಟರಲ್ಲೇ ಮೊದಲ ತತ್ತಿ ಇಡಬಹುದು.

ನಿನ್ನೆಯಿಂದ ಜವಾರಿ ಮತ್ತೆ ಕಾವಿಗೆ ಕೂತಿದೆ. ಯಾವ ತತ್ತಿ ಇಡೂಣು ಅಂತ ಅತ್ತೆ ಈ ಸಲ ನನ್ನನ್ನು ಕೇಳಲಿಲ್ಲ, ಮೊಮ್ಮಗಳನ್ನು ಕೇಳಿದರು. ಅವಳು ಜವಾರಿಯವೇ ಇರಲಿ ಅಂದಳು. ಊರಿಂದ ತತ್ತಿ ಬಂದವು. ತಾನೇ ಇಡ್ತೀನಿ ಅಂತ ಹಟ ಮಾಡಿ ಬುಟ್ಟಿಯೊಳಗೆ ಕೈ ಹಾಕಿದಳು.

ಆಮೇಲೆ ಅಡುಗೆಮನೆಗೆ ಓಡಿ ಬಂದಳು. ಅಂಗೈ ಹಿಂದೆ ಒಂದು ಕೆಂಪು ಬೊಟ್ಟು.

"ನೋಡವ್ವಾ, ಹೆಂಗ ಕುಕ್ಕಿತು!"

ಅರಿಶಿನ ಹಚ್ಚಲು ಹೋದೆ. ಈಗಲೇ ಬೇಡ ಅಂದಳು. ಮೊದಲು ಆಯಿಗೆ ತೋರಿಸಬೇಕಂತೆ.