ಒಬ್ಬ ಕಮ್ಮಿ

1989ರಲ್ಲಿ ಬಿಜಾಪುರ ಸೈನಿಕ ಶಾಲೆಯ ಆರನೇ ಕ್ಲಾಸಿಗೆ ಸೇರಿ ಇನ್ನೂ ಒಂದು ವಾರವಾಗಿರಲಿಲ್ಲ. ಅವ್ವನ ನೆನಪಾಗಿ ನೀರಿನ ಟಾಕಿಯ ಹಿಂದೆ ಹೋಗಿ ಕೂತುಬಿಟ್ಟಿದ್ದೆ. ಸಂಜೆ ಎಲ್ಲರೂ ಸಾಲಾಗಿ ನಿಂತು ಹಾಜರಿ ಕೊಡುವ ಫಾಲ್‌ಇನ್‌ನಲ್ಲಿ, ನಮ್ಮ ಹಾಸ್ಟೆಲ್ ಹೊಯ್ಸಳ ಹೌಸಿನ ಎಣಿಕೆಗೆ ಒಬ್ಬ ಕಮ್ಮಿ. ಯಾರನ್ನೂ ಊಟಕ್ಕೆ ಬಿಡಲಿಲ್ಲ. ಹೌಸ್ ಮಾಸ್ಟರ್ ಟಾರ್ಚ್ ಹಿಡಿದು ತಾವೇ ಹುಡುಕಿಕೊಂಡು ಬಂದರು. ಬೈಯಲಿಲ್ಲ. ಕೈ ಹಿಡಿದು ಕರಕೊಂಡು ಹೋಗಿ ಸಾಲಿನಲ್ಲಿ ನಿಲ್ಲಿಸಿ, ಹೌಸ್ ಕ್ಯಾಪ್ಟನ್ ಕಡೆ ತಿರುಗಿ "ಈಗ ಹೇಳಪ್ಪಾ" ಅಂದರು. "ಎಲ್ಲರೂ ಹಾಜರ್, ಸರ್!"

ಸೇನಾಧಿಕಾರಿಯಾಗಲು ಪಿಯುಸಿ ಆದ ಮೇಲೆ ಸೇರುವ ಅಕಾಡೆಮಿ ಎನ್‌ಡಿಎ ನನಗೆ ಸಿಗಲಿಲ್ಲ. ಅದರ ಆಯ್ಕೆ ಸಂದರ್ಶನ ಎಸ್‌ಎಸ್‌ಬಿಯಿಂದ ವಾಪಸ್ ಬಂದ ದಿನ ಬಹಳ ಅತ್ತಿದ್ದೆ. ಆಮೇಲೆ ಹುಬ್ಬಳ್ಳಿಯಲ್ಲಿ ಬಿಇ ಮುಗಿಸಿ, ಚೆನ್ನೈನ ಅಧಿಕಾರಿಗಳ ತರಬೇತಿ ಅಕಾಡೆಮಿ ಒಟಿಎ ಮೂಲಕ 2001ರಲ್ಲಿ ಸೈನ್ಯದ ಸಂಪರ್ಕ ವಿಭಾಗ ಸಿಗ್ನಲ್ಸ್ ಸೇರಿದೆ. ಲಡಾಖಿನ ಚಳಿಗೆ ರೇಡಿಯೋ ಸೆಟ್ಟಿನ ಬ್ಯಾಟರಿ ಬೇಗ ಸೋಲುತ್ತದೆ. ಜವಾನರು ಅದನ್ನು ಕೋಟಿನೊಳಗೆ ಮೈಗೆ ಒತ್ತಿಕೊಂಡು ಬೆಚ್ಚಗೆ ಇಡುತ್ತಿದ್ದರು. ಹೊತ್ತುಹೊತ್ತಿಗೆ ರೇಡಿಯೋ ಚೆಕ್. ಒಂದು ಕಾವಲು ಪೋಸ್ಟ್ ಉತ್ತರ ಕೊಡದಿದ್ದರೂ ನಮಗೆ ನಿದ್ದೆ ಇಲ್ಲ. ನನಗಂತೂ ಆಗೆಲ್ಲ ಆ ಟಾರ್ಚಿನ ಬೆಳಕೇ ನೆನಪಾಗುತ್ತಿತ್ತು.

2003ರಲ್ಲಿ ಏರ್ ಡೆಕ್ಕನ್ ವಿಮಾನ ಬೆಂಗಳೂರಿನಿಂದ ಹುಬ್ಬಳ್ಳಿಗೆ ಬಂದ ಸುದ್ದಿ ಓದಿದೆ. ಆ ವಿಮಾನ ಕಂಪನಿ ಕಟ್ಟಿದ ಕ್ಯಾಪ್ಟನ್ ಗೋಪಿನಾಥ್ ಗೊರೂರಿನವರು, ನಮ್ಮದೇ ಶಾಲೆಯಲ್ಲಿ ಓದಿದವರು. 1971ರ ಯುದ್ಧ ಕಂಡವರು. 28ನೇ ವಯಸ್ಸಿಗೆ ಸೈನ್ಯ ಬಿಟ್ಟು, ಜಾವಗಲ್ ಹತ್ತಿರ ಬರಡು ನೆಲದಲ್ಲಿ ಟೆಂಟ್ ಹಾಕಿಕೊಂಡು ಬೇಸಾಯ ಶುರು ಮಾಡಿದರು. ರೇಷ್ಮೆ ಕೃಷಿಗೆ 1996ರಲ್ಲಿ ರೋಲೆಕ್ಸ್ ಪ್ರಶಸ್ತಿ ಬಂತು. ಮರುವರ್ಷ ಹೆಲಿಕಾಪ್ಟರ್ ಕಂಪನಿ. ಆಮೇಲೆ ಈ ವಿಮಾನ. ಆ ಕಾಲಕ್ಕೆ ಇಂಟರ್ನೆಟ್ಟಿನಲ್ಲಿ ಟಿಕೆಟ್ ಮಾರಿ ಖರ್ಚು ಇಳಿಸಿದರು, ಒಂದು ರೂಪಾಯಿಗೂ ಟಿಕೆಟ್ ಕೊಟ್ಟರು. ವಿಮಾನ ಹತ್ತುವವರ ಲೆಕ್ಕದಲ್ಲೇ ಇರದಿದ್ದ ಜನರನ್ನು ಅವರು ಲೆಕ್ಕಕ್ಕೆ ತಗೊಂಡರು, ಅಲ್ವಾ? ಆ ಕಂಪನಿ ಮುಂದೆ ಕೈಬದಲಾಯಿತು. ನನ್ನ ಗೌರವ ಕಡಿಮೆಯಾಗಲಿಲ್ಲ.

2011ರಲ್ಲಿ ನಾನೂ ಸಮವಸ್ತ್ರ ಕಳಚಿದೆ. ಲಾರಿ ಎಲ್ಲಿದೆ ಎಂದು ತೋರಿಸುವ ಮೊದಲ ಕಂಪನಿ ಎರಡು ವರ್ಷಕ್ಕೆ ಮುಚ್ಚಿತು. ಎರಡನೆಯದು ಊರಲ್ಲಿ ಹುಟ್ಟಿತು. ಆಗ ಥ್ರೀ ಫೇಸ್ ಕರೆಂಟ್ ಬರುತ್ತಿದ್ದುದು ರಾತ್ರಿ ಪಾಳಿಯಲ್ಲಿ. ನಮ್ಮ ಕಾಕಾ ಹಾವು-ಚೇಳಿನ ನಡುವೆ ಟಾರ್ಚ್ ಹಿಡಿದು ಬೋರ್‌ವೆಲ್ ಚಾಲೂ ಮಾಡಲು ಹೋಗುತ್ತಿದ್ದರು. ಮೊಬೈಲಿನಿಂದಲೇ ಮೋಟರ್ ಚಾಲೂ ಮಾಡುವ ಪೆಟ್ಟಿಗೆ ಮಾಡಿದೆವು. ಸಿಮ್ ಹಾಕಿದ ಒಂದು ಬೋರ್ಡ್, ಸ್ವಿಚ್ಚಿನ ಕೆಲಸ ಮಾಡುವ ಒಂದು ರಿಲೇ, ಅಷ್ಟೇ. ಜೊತೆಗೆ ನಿಂತವರು ನನ್ನ ಯೂನಿಟ್ಟಿನ ಇಬ್ಬರು ನಿವೃತ್ತ ಹವಾಲ್ದಾರರು. ಬೆಸುಗೆ ಹಾಕುವುದರಲ್ಲಿ ಅವರಷ್ಟು ನಿಯತ್ತಿನ ಕೈ ನಾನು ಬೇರೆಲ್ಲೂ ಕಂಡಿಲ್ಲ.

ಮೊದಲ 60 ಪೆಟ್ಟಿಗೆಗಳಲ್ಲಿ 22 ಮುಂಗಾರಿನ ಮೊದಲ ಸಿಡಿಲುಗಳಿಗೇ ಸುಟ್ಟುಹೋದವು. ಲೈನಿನಲ್ಲಿ ನುಗ್ಗುವ ವೋಲ್ಟೇಜ್ ತಡೆಯುವ ಏರ್ಪಾಡು ನಾನು ಸಾಕಷ್ಟು ಮಾಡಿರಲಿಲ್ಲ. ಹೊಸ ಬೋರ್ಡ್ ಮಾಡಿ, 22 ಹೊಲಗಳಿಗೂ ನಾವೇ ಹೋಗಿ ಪುಕ್ಕಟೆ ಹಾಕಿಕೊಟ್ಟೆವು. ಆವತ್ತಿನಿಂದ ರೋಜು ಸಂಜೆ ಏಳಕ್ಕೆ ನಮ್ಮ ಆಫೀಸಿನಲ್ಲಿ ಎಣಿಕೆ. ಎಷ್ಟು ಪೆಟ್ಟಿಗೆ ಓ ಅಂದವು, ಎಷ್ಟು ಸುಮ್ಮನಿವೆ? ಸುಮ್ಮನಿರುವುದರ ರೈತನಿಗೆ ನಾವೇ ಫೋನ್ ಮಾಡುತ್ತೇವೆ. ಅವರು ದೂರು ಕೊಡುವ ತನಕ ಕಾಯುವುದಿಲ್ಲ.

ಹೋದ ಸಲ ಶಾಲೆಗೆ ಬಂದಾಗ ಸಂಜೆ ಫಾಲ್‌ಇನ್ ಹತ್ತಿರ ನಿಂತಿದ್ದೆ. ಹೌಸ್ ಕ್ಯಾಪ್ಟನ್ ವರದಿ ಕೊಟ್ಟ. ಇಬ್ಬರು ಶಾಲೆಯ ದವಾಖಾನೆ ಎಂಐ ರೂಮಿನಲ್ಲಿ ಅಂದ. ಅನುಮತಿ ಕೇಳಿ ನೋಡಲು ಹೋದೆ. ಜ್ವರದಲ್ಲಿದ್ದ ಸಣ್ಣವನು ಎದ್ದು ಕೂತು ಕೇಳಿದ, "ಅಂಕಲ್, ನಮ್ಮ ಹೆಸರು ಕೂಗಿದ್ರಾ?"

ಕೂಗಿದರು ಕಣಪ್ಪಾ, ಅಂದೆ.